ಅಡ್ಡಿಯಿಲ್ಲದ ದಾರಿಯಲ್ಲಿ ಬ್ರೇಕು : ವಿದ್ಯುತ್ ಕಾರುಗಳ ಚಾಲಕ ಸಹಾಯಕವನ್ನು ಕುರಿತು

ಕಳೆದ ಕಾರ್ತೀಕ ಮಾಸದಲ್ಲಿ ಹಾವೇರಿ ಜಿಲ್ಲೆಯ ಸದ್ಭಕ್ತ ಕುಟುಂಬವೊಂದರೊಡನೆ ಬೆಂಗಳೂರಿಗೆ ಪ್ರಯಾಣ ಮಾಡುವ ಪ್ರಸಂಗ ನಮಗೆ ಒದಗಿತು. ಆ ಮನೆಯ ಹಿರಿಯ ಮಗ ಬೀಜ ಗೊಬ್ಬರದ ವ್ಯಾಪಾರಸ್ಥರು. ವರ್ಷದ ಹಿಂದೆ ವಿದ್ಯುತ್ತಿನಿಂದ ಓಡುವ ಕಾರೊಂದನ್ನು ಕೊಂಡಿದ್ದರು. ಮುಂದಿನ ಆಸನದಲ್ಲಿ ನಾವು. ಹಿಂದಿನ ಆಸನದಲ್ಲಿ ಅವರ ತಾಯಿಯವರು ಹಾಗೂ ಧರ್ಮಪತ್ನಿ. ತಾಯಿಯವರು 74 ವರ್ಷದ ನಿವೃತ್ತ ಶಿಕ್ಷಕಿ, ದಾರಿಯುದ್ದಕ್ಕೂ ಊರುಗಳ ಹೆಸರಿನ ಹಿಂದಿನ ಕಥೆಗಳನ್ನು ನಮಗೇ ಪಾಠ ಹೇಳುವಂತೆ ಹೇಳುತ್ತ ಬಂದರು. ಕಾರಿನಲ್ಲಿ ಎಂಜಿನ್ನಿನ ಸದ್ದಿಲ್ಲದ ಕಾರಣ ಮಾತು ಚೆನ್ನಾಗಿ ಕೇಳಿಸುತ್ತಿತ್ತು.

ಹಿರಿಯೂರು ದಾಟಿ ಶಿರಾದ ಕಡೆಗೆ ಸಾಗುವಾಗ ಹೊತ್ತು ಇಳಿಯುತ್ತಿತ್ತು. ಮಗ, “ಗುರುಗಳೆ, ಈಗ ನೋಡ್ರಿ, ನಾ ಕಾಲು ತಗೀತೀನಿ, ಗಾಡಿ ತಾನ ಹೋಗ್ತೈತಿ” ಎಂದು ಸ್ಟೀರಿಂಗಿನ ಮೇಲಿನ ಗುಂಡಿಯೊಂದನ್ನು ಒತ್ತಿದರು. ಕಾರು ತಾನೇ ವೇಗವನ್ನು ಕಾಯ್ದುಕೊಂಡು, ರಸ್ತೆಯ ಬಿಳಿಗೆರೆಗಳ ನಡುವೆ ತಾನೇ ನಿಂತು, ಮುಂದಿನ ವಾಹನ ನಿಧಾನವಾದರೆ ತಾನೂ ನಿಧಾನವಾಗಿ ಓಡತೊಡಗಿತು. ನಿಜಕ್ಕೂ ವಿಸ್ಮಯವೇ. ಸುಮಾರು ಹತ್ತು ನಿಮಿಷ ಕಳೆದಿರಬಹುದು. ನಾವು ಬಲಗಡೆಯ ಸಾಲಿನಲ್ಲಿದ್ದೆವು, ಎಡಗಡೆಯ ಸಾಲಿನಲ್ಲಿ ಬಹಳ ಮುಂದೆ ಈರುಳ್ಳಿ ತುಂಬಿದ ಲಾರಿಯೊಂದು ಹೋಗುತ್ತಿತ್ತು. ರಸ್ತೆ ಬಲಕ್ಕೆ ಹೊರಳುವಲ್ಲಿ, ನಮ್ಮ ಮುಂದೆ ಒಂದು ನೊಣವೂ ಇಲ್ಲದಿರುವಾಗ, ಕಾರು ಧಡಕ್ಕನೆ ಬ್ರೇಕು ಹಾಕಿತು. ತಾಯಿಯವರ ಕನ್ನಡಕ ಹಾರಿ ನಮ್ಮ ಕಾಲ ಬಳಿ ಬಿತ್ತು. ಹಿಂದಿನಿಂದ ಬರುತ್ತಿದ್ದ ಬಸ್ಸಿನ ಹಾರನ್ನು ನಮ್ಮ ಬೆನ್ನಿಗೇ ತಾಕಿದಂತಾಯಿತು. ಮಗ ತಕ್ಷಣ ವೇಗದ ಪೆಡಲನ್ನು ತುಳಿದು ಮುಂದಕ್ಕೆ ಹೋದುದರಿಂದ ಅನಾಹುತ ತಪ್ಪಿತು.

“ಯಾಕೋ ತಮ್ಮಾ, ಯಾರರ ಅಡ್ಡ ಬಂದ್ರೇನು?” ಎಂದರು ತಾಯಿಯವರು. “ಯಾರೂ ಇಲ್ಲವ್ವಾ.” “ಹಂಗಾರ ಬ್ರೇಕ್ ಯಾರು ಹಾಕಿದ್ರು?” ಈ ಎರಡನೆಯ ಪ್ರಶ್ನೆಗೆ ಆ ದಿನ ಕಾರಿನಲ್ಲಿದ್ದ ನಾಲ್ವರಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ. ಕಾರು ಯಾವ ಕಂಪನಿಯದೆಂಬುದನ್ನು ಇಲ್ಲಿ ಹೇಳುವುದು ಬೇಡ. ಮುಂದೆ ಬರುವ ಸಂಗತಿಗಳಿಂದ ಅದು ಒಂದು ಕಂಪನಿಯ ಮಾತಲ್ಲವೆಂಬುದು ಓದುಗ ಬಂಧುಗಳಿಗೇ ವೇದ್ಯವಾಗುವುದು.

ಊರಿಗೆ ಮರಳಿದ ಮೇಲೆ ಈ ವಿಷಯವನ್ನು ನಾವು ಕುತೂಹಲದಿಂದ ಬೆನ್ನುಹತ್ತಿದೆವು. ಶಾಸ್ತ್ರಗ್ರಂಥಗಳ ನಡುವೆ ಜೀವಮಾನ ಕಳೆದವರಿಗೆ ಇದೇಕೆ ಬೇಕೆಂದು ಕೆಲವರು ನಕ್ಕರು. ಆದರೆ ನಮ್ಮ ಸಮಾಜದ ಎಷ್ಟೋ ಮನೆಗಳ ಅಂಗಳದಲ್ಲಿ ಇಂದು ಇಂತಹ ಕಾರುಗಳು ನಿಂತಿವೆ. ಅವುಗಳಲ್ಲಿ ವೃದ್ಧರೂ ಮಕ್ಕಳೂ ಜಾತ್ರೆಗೆ, ಮದುವೆಗೆ, ಆಸ್ಪತ್ರೆಗೆ ಹೋಗಿಬರುತ್ತಾರೆ. ತಿಳಿದುಕೊಳ್ಳುವುದು ತಪ್ಪಲ್ಲವೆಂದು ತೋರಿತು.

ಈ ಸಲಕರಣೆಗೆ ಕಾರು ಮಾರುವವರು ‘ಅಡಾಸ್’ ಎಂದು ಹೆಸರು ಹೇಳುತ್ತಾರೆ. ಮುಂಗಾಜಿನ ಹಿಂದೆ, ನಡುವಿನ ಕನ್ನಡಿಯ ಬಳಿ ಒಂದು ಕ್ಯಾಮೆರಾ, ಬಹುತೇಕ ಕಾರುಗಳ ಮುಂಭಾಗದಲ್ಲಿ ಒಂದು ರಾಡಾರ್, ಇವೆರಡೂ ಕಂಡದ್ದನ್ನು ತೂಗಿನೋಡಿ ಬ್ರೇಕು, ಸ್ಟೀರಿಂಗುಗಳಿಗೆ ಅಪ್ಪಣೆ ಕೊಡುವ ಒಂದು ಗಣಕಯಂತ್ರ, ಇಷ್ಟೇ ಅದರ ಅಂಗಗಳು. ಮೋಟಾರು ಎಂಜಿನಿಯರುಗಳ ಅಂತಾರಾಷ್ಟ್ರೀಯ ಸಂಘವು 2014ರಲ್ಲಿ ಸ್ವಯಂಚಾಲನೆಯನ್ನು ಸೊನ್ನೆಯಿಂದ ಐದರವರೆಗೆ ಆರು ಮೆಟ್ಟಿಲುಗಳಾಗಿ ವಿಂಗಡಿಸಿತು. ನಮ್ಮಲ್ಲಿ ಸಾಮಾನ್ಯ ಗ್ರಾಹಕರಿಗೆ ಮಾರಾಟವಾಗುವ ಇಂತಹ ಕಾರುಗಳು ಎರಡನೆಯ ಮೆಟ್ಟಿಲಿನವು. ಇಲ್ಲಿ ಯಂತ್ರ ವೇಗವನ್ನೂ ದಿಕ್ಕನ್ನೂ ಎರಡನ್ನೂ ನೋಡಿಕೊಳ್ಳುತ್ತದೆ. ಆದರೆ ಹೊಣೆ ಮಾತ್ರ ಪ್ರತಿ ಕ್ಷಣವೂ ಮನುಷ್ಯನದೇ. ಕೈ ದುಡಿಯದಿದ್ದರೂ ಕಣ್ಣು ದುಡಿಯಲೇಬೇಕು. ಸುಮ್ಮನೆ ಕುಳಿತವನಿಗೆ ಎಚ್ಚರದಿಂದಿರೆಂದು ಹೇಳುವುದು ಎಷ್ಟು ಕಠಿಣವೆಂಬುದು ಪುರಾಣ ಪ್ರವಚನಗಳಲ್ಲಿ ಶ್ರೋತೃಗಳನ್ನು ಕಂಡ ನಮಗೆ ಗೊತ್ತಿದೆ.

ಈ ಬಗೆಯ ದೂರುಗಳು ಅತಿ ಹೆಚ್ಚಾಗಿ ದಾಖಲಾಗಿರುವುದು ಅಮೆರಿಕದಲ್ಲಿ. ಅಲ್ಲಿ ಇದಕ್ಕೆ ‘ಫ್ಯಾಂಟಮ್ ಬ್ರೇಕಿಂಗ್’ ಎಂಬ ಹೆಸರೇ ಹುಟ್ಟಿಕೊಂಡಿದೆ. ಭೂತವನ್ನು ಕಂಡು ಬ್ರೇಕು ಹಾಕುವುದೆಂದು ನಾವು ಅರ್ಥ ಹೇಳಬಹುದು. ಟೆಸ್ಲಾ ಕಂಪನಿಯು 2021ರ ಮೇ ತಿಂಗಳಿನಿಂದ ಉತ್ತರ ಅಮೆರಿಕದಲ್ಲಿ ಮಾರುವ ತನ್ನ ಮಾಡೆಲ್ 3 ಮತ್ತು ಮಾಡೆಲ್ ವೈ ಕಾರುಗಳಿಂದ ರಾಡಾರನ್ನು ತೆಗೆದುಹಾಕಿ ಕೇವಲ ಕ್ಯಾಮೆರಾಗಳನ್ನೇ ನೆಚ್ಚತೊಡಗಿತು. ಅದಾದ ಮುಂದಿನ ತಿಂಗಳುಗಳಲ್ಲಿ ಮಾಲೀಕರ ಅಹವಾಲುಗಳು ಹೆಚ್ಚುತ್ತ ಹೋದವು. ಅಮೆರಿಕದ ರಾಷ್ಟ್ರೀಯ ಹೆದ್ದಾರಿ ಸಂಚಾರ ಸುರಕ್ಷತಾ ಆಡಳಿತವು ಒಂಬತ್ತು ತಿಂಗಳಲ್ಲಿ ಬಂದ 354 ದೂರುಗಳನ್ನು ಮುಂದಿಟ್ಟುಕೊಂಡು 2022ರ ಫೆಬ್ರುವರಿಯಲ್ಲಿ ಸುಮಾರು 4,16,000 ಕಾರುಗಳನ್ನು ಕುರಿತು ತನಿಖೆ ಆರಂಭಿಸಿತು. ಮುನ್ಸೂಚನೆಯಿಲ್ಲದೆ, ಯಾವಾಗೆಂದು ಹೇಳಲಾಗದಂತೆ, ಒಂದೇ ಪ್ರಯಾಣದಲ್ಲಿ ಪದೇ ಪದೇ ಕಾರು ವೇಗ ಕಳೆದುಕೊಳ್ಳುತ್ತದೆಂಬುದೇ ಬಹುತೇಕ ಮಾಲೀಕರ ದೂರು. ತನಿಖೆಯ ಸುದ್ದಿ ಹರಡಿದ ಮೇಲೆ, ಅದೇ ವರ್ಷದ ಮೇ ತಿಂಗಳ ಹೊತ್ತಿಗೆ, ದೂರುಗಳ ಸಂಖ್ಯೆ 758 ಆಯಿತು. ಅಲ್ಲಿಯವರೆಗೆ ತಮ್ಮೊಬ್ಬರ ಕಾರಿಗೇ ಹೀಗೆಂದು ಸುಮ್ಮನಿದ್ದವರು ಬಾಯಿಬಿಟ್ಟರೆಂದು ಊಹಿಸಬಹುದು.

ಇದಕ್ಕೂ ಮೊದಲೇ, 2021ರ ಅಕ್ಟೋಬರಿನಲ್ಲಿ, ಅದೇ ಕಂಪನಿಯು ಹೊಸ ತಂತ್ರಾಂಶವೊಂದನ್ನು ಗ್ರಾಹಕರ ಕಾರುಗಳಿಗೆ ಕಳಿಸಿ, ಕಾರುಗಳು ಸುಳ್ಳು ಅಪಾಯಕ್ಕೆ ಬ್ರೇಕು ಹಾಕತೊಡಗಿದುದನ್ನು ಕಂಡು ಅದನ್ನು ಹಿಂದಕ್ಕೆ ಪಡೆದು, 11,704 ಕಾರುಗಳಿಗೆ ಅಧಿಕೃತ ತಿದ್ದುಪಡಿ ಘೋಷಿಸಬೇಕಾಯಿತು. 2023ರ ಮೇ ತಿಂಗಳಲ್ಲಿ ಜರ್ಮನಿಯ ‘ಹಾಂಡೆಲ್ಸ್‌ಬ್ಲಾಟ್’ ಪತ್ರಿಕೆಯು ಕಂಪನಿಯ ಒಳಗಿನಿಂದ ಹೊರಬಿದ್ದ ಕಡತಗಳನ್ನು ಪರಿಶೀಲಿಸಿ ಪ್ರಕಟಿಸಿದ ವರದಿಯಲ್ಲಿ, ತಾನಾಗಿ ವೇಗ ಹೆಚ್ಚಿದ ಬಗ್ಗೆ 2,400ಕ್ಕೂ ಮಿಕ್ಕ, ಬ್ರೇಕಿನ ಬಗ್ಗೆ 1,500ಕ್ಕೂ ಮಿಕ್ಕ ದೂರುಗಳಿದ್ದುವೆಂದಿದೆ. ಸುಳ್ಳು ಡಿಕ್ಕಿ ಎಚ್ಚರಿಕೆಯಿಂದ ಕಾರು ತಡೆದ ಪ್ರಸಂಗಗಳು 383. ಅವು ಅಮೆರಿಕದವು ಮಾತ್ರವಲ್ಲ, ಯೂರೋಪು, ಏಷ್ಯಾಗಳವೂ ಹೌದು.

ಪೆಟ್ರೋಲು ಕಾರುಗಳು ಈ ದೋಷದಿಂದ ಮುಕ್ತವೆಂದು ಭಾವಿಸಬಾರದು. ಅದೇ 2022ರ ಫೆಬ್ರುವರಿಯಲ್ಲಿ ಹೋಂಡಾ ಕಂಪನಿಯ ಸುಮಾರು 17 ಲಕ್ಷ ಕಾರುಗಳ ಮೇಲೂ ಇಂತಹದೇ ತನಿಖೆ ಆರಂಭವಾಯಿತು. ಆದರೆ ವಿದ್ಯುತ್ ಕಾರಿನಲ್ಲಿ ಒಂದು ವಿಶೇಷವಿದೆ. ವೇಗದ ಪೆಡಲಿನಿಂದ ಕಾಲೆತ್ತಿದೊಡನೆ ಮೋಟಾರು ತಿರುಗುಮುರುಗಾಗಿ ವಿದ್ಯುತ್ತನ್ನು ಉತ್ಪಾದಿಸಿ ಬ್ಯಾಟರಿಗೆ ತುಂಬುವುದರಿಂದ, ಬ್ರೇಕನ್ನು ಮುಟ್ಟುವ ಮೊದಲೇ ಕಾರು ಜಗ್ಗಿ ಹಿಡಿದಂತೆ ನಿಧಾನವಾಗುತ್ತದೆ. ಮುನ್ನುಗ್ಗುವುದೂ ಅಷ್ಟೇ ತೀವ್ರ. ಹೀಗಾಗಿ ಯಂತ್ರದ ಒಂದು ಸಣ್ಣ ತಪ್ಪು ತೀರ್ಮಾನವೂ ಒಳಗೆ ಕುಳಿತವರ ಕುತ್ತಿಗೆಗೆ ತಿಳಿಯುತ್ತದೆ.

ಇಲ್ಲದ ಅಡ್ಡಿ ಯಂತ್ರಕ್ಕೆ ಕಾಣುವುದು ಹೇಗೆ? ರಾಡಾರಿನ ಅಲೆಗಳು ಲೋಹಕ್ಕೆ ತಾಗಿ ಮರಳಿ ಬರುತ್ತವೆ. ಹೆದ್ದಾರಿಯ ಮೇಲಿನ ಸೇತುವೆ, ಊರಿನ ಹೆಸರು ಬರೆದ ದೊಡ್ಡ ಫಲಕ ಇವು ರಸ್ತೆಯ ಮೇಲೆಯೇ ನಿಂತ ವಾಹನದಂತೆ ಅದಕ್ಕೆ ತೋರಬಹುದು, ಏಕೆಂದರೆ ಹಳೆಯ ಬಗೆಯ ರಾಡಾರಿಗೆ ದೂರ ತಿಳಿದಷ್ಟು ಎತ್ತರ ತಿಳಿಯದು. ಕ್ಯಾಮೆರಾಕ್ಕೆ ನೆರಳು, ಬಿಸಿಲ್ಗುದುರೆ, ಎದುರು ಬರುವ ಲಾರಿ, ಸಂಜೆಯ ಓರೆಬಿಸಿಲು ಇವೆಲ್ಲ ಮೋಸ ಮಾಡಬಲ್ಲವು. ಬಿಸಿಲ್ಗುದುರೆಯನ್ನು ನೀರೆಂದು ಭ್ರಮಿಸುವ, ಹಗ್ಗವನ್ನು ಹಾವೆಂದು ಹೆದರುವ ದೃಷ್ಟಾಂತಗಳನ್ನು ನಾವು ವಿದ್ಯಾರ್ಥಿದೆಸೆಯಲ್ಲಿ ಮಠದ ಪಾಠಶಾಲೆಯಲ್ಲಿ ಎಷ್ಟೋ ಬಾರಿ ಕಲಿತಿದ್ದೆವು. ಮುಂದೊಂದು ದಿನ ಯಂತ್ರಕ್ಕೂ ಅವು ಸಲ್ಲುವುವೆಂದು ಎಣಿಸಿರಲಿಲ್ಲ.

ಹಾಗಾದರೆ ಯಂತ್ರದ ಅಳುಕನ್ನು ಕಡಿಮೆ ಮಾಡಿಬಿಡಬಹುದಲ್ಲ ಎಂದು ಕೇಳಬಹುದು. ಅಲ್ಲಿಯೇ ನಿಜವಾದ ತೊಡಕಿರುವುದು. ಸಣ್ಣ ಸಂಶಯಕ್ಕೆಲ್ಲ ಬ್ರೇಕು ಹಾಕಬೇಡವೆಂದು ಕಲಿಸಿದರೆ, ನಿಜವಾದ ಅಡ್ಡಿ ಬಂದಾಗಲೂ ಅದು ಸುಮ್ಮನೆ ಹೋಗುವ ಅಪಾಯವಿದೆ. 2016ರ ಮೇ 7ರಂದು ಫ್ಲೋರಿಡಾ ರಾಜ್ಯದ ವಿಲಿಸ್ಟನ್ ಊರಿನ ಬಳಿ ರಸ್ತೆಗೆ ಅಡ್ಡಲಾಗಿ ಬಂದ ದೊಡ್ಡ ಟ್ರೇಲರ್ ಲಾರಿಯ ಕೆಳಗೆ ಟೆಸ್ಲಾ ಕಾರೊಂದು ನುಗ್ಗಿ ಚಾಲಕ ತೀರಿಕೊಂಡರು. ಬೆಳಗುವ ಆಕಾಶದ ಮುಂದೆ ಟ್ರೇಲರಿನ ಬಿಳಿ ಮೈ ಯಂತ್ರಕ್ಕೂ ಕಾಣಲಿಲ್ಲ, ಚಾಲಕನಿಗೂ ಕಾಣಲಿಲ್ಲವೆಂದು ಕಂಪನಿ ಹೇಳಿತು. ಇಲ್ಲದ್ದನ್ನು ಕಾಣುವುದು, ಇದ್ದುದನ್ನು ಕಾಣದಿರುವುದು, ಇವು ಒಂದೇ ದೋಷದ ಎರಡು ಮುಖಗಳು. ಒಂದನ್ನು ಒತ್ತಿದರೆ ಇನ್ನೊಂದು ಏಳುತ್ತದೆ.

ನಮ್ಮನ್ನು ಬಹಳವಾಗಿ ಕಾಡಿದ್ದು 2018ರ ಮಾರ್ಚ್ 23ರಂದು ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂ ಎಂಬಲ್ಲಿ ನಡೆದ ಅಪಘಾತ. ನಮ್ಮ ಕನ್ನಡಿಗರು ಬಹುಸಂಖ್ಯೆಯಲ್ಲಿ ನೆಲೆಸಿರುವ ಪ್ರದೇಶವದು. ಎಂಜಿನಿಯರೊಬ್ಬರು ತಮ್ಮ ಮಾಡೆಲ್ ಎಕ್ಸ್ ಕಾರಿನಲ್ಲಿ ಕೆಲಸಕ್ಕೆ ಹೊರಟಿದ್ದರು. ಹೆದ್ದಾರಿ ಎರಡಾಗಿ ಕವಲೊಡೆಯುವಲ್ಲಿ ನಡುವೆ ಉಳಿಯುವ ತ್ರಿಕೋನಾಕಾರದ ಖಾಲಿ ಜಾಗವನ್ನು ಯಂತ್ರವು ಹಾದಿಯೆಂದು ತಿಳಿದು ಅದರೊಳಗೆ ಹೊರಳಿತು. ಮುಂದೆ ವಾಹನವಿಲ್ಲವೆಂದು ಕಂಡು, ಗಂಟೆಗೆ ಸುಮಾರು 100 ಕಿಲೋಮೀಟರ್ ಇದ್ದ ವೇಗವನ್ನು 114ಕ್ಕೆ ಏರಿಸಿಕೊಂಡಿತು. ಎದುರಿಗಿದ್ದುದು ಕಾಂಕ್ರೀಟ್ ತಡೆಗೋಡೆ. ಡಿಕ್ಕಿಯ ಎಚ್ಚರಿಕೆಯ ಸದ್ದಾಗಲಿಲ್ಲ, ತುರ್ತು ಬ್ರೇಕೂ ಬೀಳಲಿಲ್ಲ. ಕೊನೆಯ ಆರು ಸೆಕೆಂಡುಗಳಲ್ಲಿ ಚಾಲಕರ ಕೈ ಸ್ಟೀರಿಂಗಿನ ಮೇಲಿದ್ದುದು ದಾಖಲಾಗಿಲ್ಲ. ಮೊಬೈಲಿನಲ್ಲಿ ಆಟವೊಂದು ನಡೆದಿತ್ತು. ಗೋಡೆಯ ಮುಂದೆ ಪೆಟ್ಟನ್ನು ತಾಳಿಕೊಳ್ಳಲೆಂದು ಇರಿಸಿದ್ದ ಮೆತ್ತೆಯಂತಹ ಲೋಹದ ಸಾಧನ ಹನ್ನೊಂದು ದಿನಗಳ ಹಿಂದಿನ ಮತ್ತೊಂದು ಅಪಘಾತದಲ್ಲಿ ಜಜ್ಜಿಹೋಗಿ ದುರಸ್ತಿಯಾಗದೆ ಉಳಿದಿತ್ತು. 2020ರ ಫೆಬ್ರುವರಿಯಲ್ಲಿ ಅಲ್ಲಿನ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯು ತನ್ನ ತೀರ್ಪಿನಲ್ಲಿ ಯಂತ್ರದ ಮಿತಿ, ಚಾಲಕನ ಅತಿನಂಬಿಕೆ, ಚಾಲಕನ ಗಮನವನ್ನು ಕಾಯುವಲ್ಲಿ ಕಂಪನಿಯ ಕೊರತೆ ಈ ಮೂರನ್ನೂ ಹೇಳಿತು.

ಆದರೆ ನಮ್ಮನ್ನು ಕಾಡಿದ್ದು ಈ ವಿವರಗಳಲ್ಲ. ಅದೇ ಸ್ಥಳದಲ್ಲಿ ಕಾರು ಆ ಗೋಡೆಯ ಕಡೆಗೆ ಎಳೆಯುತ್ತದೆಂದು ಆ ಮಹನೀಯರು ಮೊದಲೇ ತಮ್ಮ ಮನೆಯವರೊಡನೆ, ಗೆಳೆಯರೊಡನೆ ಹೇಳಿಕೊಂಡಿದ್ದರೆಂಬುದು ತನಿಖೆಯ ಕಡತಗಳಲ್ಲಿದೆ. ಗೊತ್ತಿತ್ತು. ಗೊತ್ತಿದ್ದೂ ಅದೇ ದಾರಿಯಲ್ಲಿ, ಅದೇ ಗುಂಡಿಯನ್ನು ಒತ್ತಿ ಹೋದರು. ಇದನ್ನು ಅವಿವೇಕವೆಂದು ತೀರ್ಮಾನಿಸಲು ನಮಗೆ ಮನಸ್ಸಿಲ್ಲ. ನೂರು ಸಲ ಸರಿಯಾಗಿ ನಡೆದ ಯಂತ್ರ ನೂರಾಒಂದನೆಯ ಸಲವೂ ನಡೆಯುವುದೆಂದು ನಂಬುವುದು ಮನುಷ್ಯಸ್ವಭಾವ; ಕೆಟ್ಟ ಯಂತ್ರಕ್ಕಿಂತ ಬಹುಪಾಲು ಒಳ್ಳೆಯದಾದ ಯಂತ್ರವೇ ಹೆಚ್ಚು ಮೈಮರೆಸುತ್ತದೆ.

ಇನ್ನೆರಡು ಸಂಗತಿಗಳನ್ನು ಚುಟುಕಾಗಿ ಹೇಳಿಬಿಡುವೆವು. ಕೈಬಿಟ್ಟು ಕೂರಲು ಅನುಮತಿಯಿರುವ, ಆದರೆ ಚಾಲಕನ ಕಣ್ಣನ್ನು ಕ್ಯಾಮೆರಾದಿಂದ ಕಾಯುವ ಫೋರ್ಡ್ ಕಂಪನಿಯ ಮಸ್ಟ್ಯಾಂಗ್ ಮ್ಯಾಕ್-ಇ ವಿದ್ಯುತ್ ಕಾರುಗಳು 2024ರ ಫೆಬ್ರುವರಿ, ಮಾರ್ಚ್ ತಿಂಗಳುಗಳಲ್ಲಿ ಸ್ಯಾನ್ ಆಂಟೋನಿಯೊ ಹಾಗೂ ಫಿಲಡೆಲ್ಫಿಯಾಗಳಲ್ಲಿ, ರಾತ್ರಿಯ ವೇಳೆ, ನಿಂತ ವಾಹನಗಳಿಗೆ ಡಿಕ್ಕಿ ಹೊಡೆದು ಪ್ರಾಣಹಾನಿಯಾಯಿತು. ಚೀನಾದ ಆನ್‌ಹುಯಿ ಪ್ರಾಂತದಲ್ಲಿ 2025ರ ಮಾರ್ಚ್ 29ರಂದು ಶಿಯೋಮಿ ಕಂಪನಿಯ ಎಸ್‌ಯು7 ಕಾರು ದುರಸ್ತಿ ನಡೆದಿದ್ದ ಹೆದ್ದಾರಿಯಲ್ಲಿ ಸಹಾಯಕ ವ್ಯವಸ್ಥೆಯ ಮೇಲೆ ಓಡುತ್ತಿದ್ದು, ಎಚ್ಚರಿಕೆ ಕೊಟ್ಟ ಕೆಲವೇ ಸೆಕೆಂಡುಗಳಲ್ಲಿ ಕಾಂಕ್ರೀಟಿಗೆ ಅಪ್ಪಳಿಸಿ ಮೂವರು ವಿದ್ಯಾರ್ಥಿನಿಯರು ಅಸುನೀಗಿದರು. ಅದರ ಮರುತಿಂಗಳೇ ಚೀನಾ ಸರ್ಕಾರವು ‘ಸ್ವಯಂಚಾಲನೆ’, ‘ಬುದ್ಧಿವಂತ ಚಾಲನೆ’ ಎಂಬಂತಹ ಮಾತುಗಳನ್ನು ಜಾಹೀರಾತಿನಲ್ಲಿ ಬಳಸಕೂಡದೆಂದು ಕಂಪನಿಗಳಿಗೆ ತಾಕೀತು ಮಾಡಿತು.

ಶಬ್ದದ ವಿಚಾರದಲ್ಲಿ ನಮಗೆ ಸ್ವಲ್ಪ ಮಾತಿದೆ. ವ್ಯಾಕರಣ ಕಲಿತವರ ಚಾಳಿಯೆಂದು ಬಂಧುಗಳು ಕ್ಷಮಿಸಬೇಕು. ‘ಸಹಾಯಕ’ನೆಂದರೆ ಯಜಮಾನನು ಕೆಲಸ ಮಾಡುವಾಗ ಜೊತೆಗೆ ನಿಲ್ಲುವವನು. ಯಜಮಾನನನ್ನೇ ಸಹಾಯಕನ ಕಾವಲಿಗೆ ನಿಲ್ಲಿಸಿದರೆ ಆ ಹೆಸರು ಅನ್ವರ್ಥವಾಗದು. ಟೆಸ್ಲಾ ಕಂಪನಿಯು ‘ಪೂರ್ಣ ಸ್ವಯಂಚಾಲನೆ’ ಎಂದು ಮಾರುತ್ತಿದ್ದ ವ್ಯವಸ್ಥೆಗೆ 2024ರಲ್ಲಿ ‘ಮೇಲ್ವಿಚಾರಣೆಯಲ್ಲಿ’ ಎಂಬ ವಿಶೇಷಣವನ್ನು ಸೇರಿಸಿತು. ವಿಶೇಷಣವು ವಿಶೇಷ್ಯವನ್ನೇ ನುಂಗಿಹಾಕುವ ಇಂತಹ ಸಮಾಸವನ್ನು ನಾವು ಯಾವ ವ್ಯಾಕರಣಗ್ರಂಥದಲ್ಲಿಯೂ ಕಂಡಿಲ್ಲ. ಇದಕ್ಕೂ ಮೊದಲು, 2023ರ ಡಿಸೆಂಬರಿನಲ್ಲಿ, ಚಾಲಕನ ಎಚ್ಚರವನ್ನು ಕಾಯುವುದು ಸಾಲದೆಂಬ ಕಾರಣಕ್ಕೆ ಅಮೆರಿಕದಲ್ಲಿ ಆ ಕಂಪನಿಯ 20 ಲಕ್ಷಕ್ಕೂ ಹೆಚ್ಚು ಕಾರುಗಳ ತಂತ್ರಾಂಶವನ್ನು ತಿದ್ದಬೇಕಾಗಿ ಬಂದಿತ್ತು.

ಹೀಗೆಂದು ಈ ಸಲಕರಣೆಯೆಲ್ಲವೂ ಹಾನಿಕರವೆಂದು ಹೇಳುವುದು ನ್ಯಾಯವಲ್ಲ. ಅಮೆರಿಕದ ವಿಮಾ ಕಂಪನಿಗಳ ಹೆದ್ದಾರಿ ಸುರಕ್ಷತಾ ಸಂಸ್ಥೆಯ ಅಧ್ಯಯನದಂತೆ ತುರ್ತು ಬ್ರೇಕಿನ ವ್ಯವಸ್ಥೆಯು ಮುಂದಿನ ವಾಹನಕ್ಕೆ ಹಿಂದಿನಿಂದ ಗುದ್ದುವ ಅಪಘಾತಗಳನ್ನು ಸುಮಾರು ಅರ್ಧಕ್ಕೆ ಇಳಿಸಿದೆ. ಆದರೆ ಕೈಗೆ ಬದಲಾಗಿ ದಾರಿ ಹಿಡಿಯುವ ವ್ಯವಸ್ಥೆಯಿಂದ ಅಪಘಾತ ಕಡಿಮೆಯಾಯಿತೆಂಬುದಕ್ಕೆ ಅದೇ ಸಂಸ್ಥೆಗೆ 2024ರಲ್ಲಿ ಗಟ್ಟಿಯಾದ ಪುರಾವೆ ದೊರಕಲಿಲ್ಲ. ಒಂದು ಪ್ರಾಣ ಕಾಯುವ ಸಾಧನ, ಇನ್ನೊಂದು ಅನುಕೂಲದ ಸಾಧನ. ಕೊಳ್ಳುವವರಿಗೆ ಎರಡನ್ನೂ ಒಂದೇ ಹೆಸರಿನಲ್ಲಿ ಕಟ್ಟಿಕೊಡುತ್ತಿರುವುದು ಸರಿಯೆಂದು ನಮಗೆ ತೋರುವುದಿಲ್ಲ. ಅದರಲ್ಲಿಯೂ ಗೆರೆಗಳು ಮಾಸಿದ, ಹಳೆಯ ಗೆರೆಯ ಮೇಲೆಯೇ ಹೊಸ ಗೆರೆ ಎಳೆದ, ಎದುರು ದಿಕ್ಕಿನಿಂದ ಬೈಕುಗಳೂ, ಒಮ್ಮೊಮ್ಮೆ ಎಮ್ಮೆಗಳೂ ಬರುವ ನಮ್ಮ ರಸ್ತೆಗಳಲ್ಲಿ.

ಹಾವೇರಿಯ ಆ ಮನೆಯ ಕಥೆ ಉಳಿಯಿತು. ಮಗ ಕಾರನ್ನು ಸರ್ವೀಸಿಗೆ ಒಯ್ದಾಗ, ಗಣಕದಲ್ಲಿ ಯಾವ ದೋಷವೂ ದಾಖಲಾಗಿಲ್ಲ, ತಂತ್ರಾಂಶ ಹೊಸದೇ ಇದೆ ಎಂದು ಹೇಳಿ ಕಳಿಸಿದರು. ಎರಡನೆಯ ಸಲವೂ ಅದೇ ಉತ್ತರ. ಆಗ ಅವರ ತಾಯಿಯವರೇ, ಶಾಲೆಯ ಹಾಜರಿ ಪುಸ್ತಕ ಬರೆದ ಅನುಭವದಿಂದ, ಒಂದು ನೂರುಪುಟದ ನೋಟುಬುಕ್ಕಿಗೆ ಗೆರೆ ಹಾಕಿಕೊಟ್ಟು ಪ್ರತಿ ಸಲದ್ದನ್ನೂ ಬರೆಯೆಂದರು : ದಿನಾಂಕ, ವೇಳೆ, ಸ್ಥಳ, ವೇಗ, ಬಿಸಿಲು ಯಾವ ಕಡೆಗೆ, ಪಕ್ಕದ ಸಾಲಿನಲ್ಲಿ ಏನಿತ್ತು. ಎರಡು ತಿಂಗಳಲ್ಲಿ ಹನ್ನೊಂದು ಸಾಲುಗಳಾದವು. ಅವುಗಳಲ್ಲಿ ಎಂಟು, ರಸ್ತೆ ಬಲಕ್ಕೆ ಹೊರಳುವಾಗ ಎಡಸಾಲಿನಲ್ಲಿ ದೊಡ್ಡ ವಾಹನವಿದ್ದಾಗ ಆದವು. ಮೂರನೆಯ ಸಲ ನೋಟುಬುಕ್ಕನ್ನೇ ಮುಂದಿಟ್ಟಾಗ, ಅಲ್ಲಿದ್ದ ವಯಸ್ಸಾದ ಮೇಸ್ತ್ರಿಯೊಬ್ಬರು ಅದನ್ನು ಎರಡು ಬಾರಿ ಓದಿ, ಕಾರಿನ ಮುಂದೆ ಹೋಗಿ ನಿಂತು, “ಈ ಗ್ಲಾಸ್ ಯಾವಾಗ ಬದಲಿ ಮಾಡ್ಸಿರಿ?” ಎಂದು ಕೇಳಿದರಂತೆ.

ರಾಣೆಬೆನ್ನೂರಿನ ಬಳಿ ಲಾರಿಯ ಗಾಲಿಯಿಂದ ಸಿಡಿದ ಕಲ್ಲಿಗೆ ಮುಂಗಾಜು ಸೀಳಿದ್ದರಿಂದ, ಬೇಸಿಗೆಯಲ್ಲಿ ಹೊರಗಿನ ಅಂಗಡಿಯಲ್ಲಿ ಹೊಸ ಗಾಜು ಹಾಕಿಸಿದ್ದರು. ಖರ್ಚು ಉಳಿಯಿತೆಂದು ಸಂತೋಷವೂ ಪಟ್ಟಿದ್ದರು. ಕ್ಯಾಮೆರಾವನ್ನು ಕಳಚಿ ಮತ್ತೆ ಕೂರಿಸಿದ ಮೇಲೆ ಅದರ ನೋಟವನ್ನು ಅಳತೆಗೆ ತರಬೇಕೆಂಬುದು ಅಂಗಡಿಯವರಿಗೆ ತಿಳಿಯದು, ಮಾಲೀಕರಿಗೆ ಯಾರೂ ಹೇಳಿರಲಿಲ್ಲ. ಕ್ಯಾಮೆರಾ ಕೂದಲೆಳೆಯಷ್ಟು ಓರೆಯಾದರೂ ನೂರು ಮೀಟರ್ ದೂರದಲ್ಲಿ ಪಕ್ಕದ ಸಾಲಿನ ಲಾರಿ ತನ್ನ ಸಾಲಿನಲ್ಲಿಯೇ ಇರುವಂತೆ ಯಂತ್ರಕ್ಕೆ ಕಾಣುತ್ತದೆ. ಕಾರಿನ ಮುಂದೆ ಅಳತೆ ಮಾಡಿದ ದೂರದಲ್ಲಿ ಚೌಕುಳಿಯ ಹಲಗೆಯನ್ನು ನಿಲ್ಲಿಸಿ, ಅರ್ಧ ದಿನದ ಕೆಲಸದಲ್ಲಿ ಅದನ್ನು ಸರಿಪಡಿಸಿದರು. ಮೊದಲ ಎರಡು ಸಲ ಯಾಕೆ ಈ ಪ್ರಶ್ನೆ ಕೇಳಲಿಲ್ಲವೆಂದರೆ, ಗಣಕ ದೋಷ ತೋರಿಸಲಿಲ್ಲವಲ್ಲ ಎಂಬುದೇ ಉತ್ತರ. ಮುಂಗಾಜು ಬದಲಿಸಿದವರು, ಮುಂದಿನ ಬಂಪರು ಬಿಚ್ಚಿ ಕೂರಿಸಿದವರು, ಸಣ್ಣ ಡಿಕ್ಕಿಯಾದವರು ಈ ಅಳತೆಯ ಕೆಲಸವಾಗಿದೆಯೇ ಎಂದು ಕೇಳಿ, ಬಿಲ್ಲಿನಲ್ಲಿ ಬರೆಸಿಕೊಳ್ಳುವುದು ಲೇಸು.

ನಮ್ಮ ದೇಶದಲ್ಲಿಯೂ ದೂರಿಗೆ ದಾರಿಯಿದೆಯೆಂಬುದು ಬಹಳ ಜನಕ್ಕೆ ತಿಳಿದಂತಿಲ್ಲ. 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯಿದೆಗೆ ಸೇರಿದ 110-ಎ ಕಲಮಿನಂತೆ, ದೋಷವುಳ್ಳ ವಾಹನಗಳನ್ನು ಹಿಂದಕ್ಕೆ ಕರೆಸಿ ಸರಿಪಡಿಸುವಂತೆ ಕಂಪನಿಗೆ ಆಜ್ಞೆ ಮಾಡುವ ಅಧಿಕಾರ ಕೇಂದ್ರ ಸರ್ಕಾರಕ್ಕಿದೆ. ಅದರ ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಗೆ ಬಂದವು. ಏಳು ವರ್ಷಕ್ಕಿಂತ ಹಳೆಯದಲ್ಲದ ವಾಹನದ ಮಾಲೀಕರು ಕೇಂದ್ರ ಸಾರಿಗೆ ಇಲಾಖೆಯ ‘ವಾಹನ್’ ಜಾಲದಲ್ಲಿ ದೂರು ದಾಖಲಿಸಬಹುದು. ಒಂದೇ ಮಾದರಿಯ ಬಗ್ಗೆ ನಿಗದಿಯಾದಷ್ಟು ದೂರುಗಳು ಕೂಡಿದಾಗ ವಿಚಾರಣೆಯಾಗುವುದರಿಂದ, ಸರ್ವೀಸಿನವರೊಡನೆ ಜಗಳವಾಡಿ ಮನೆಗೆ ಬಂದ ಮಾಲೀಕನ ಅನುಭವ ಲೆಕ್ಕಕ್ಕೆ ಸೇರುವುದಿಲ್ಲ.

ತಾಯಿಯವರು “ಇಲ್ಲದ್ದನ್ನ ಕಾಣೋ ಗಾಡಿ ನನಗ ಬ್ಯಾಡ” ಎಂದು ಬಸ್ಸಿನಲ್ಲಿಯೇ ಓಡಾಡುತ್ತಿದ್ದರು. ಅಳತೆ ಸರಿಪಡಿಸಿದ ಮೇಲೆ ಶಿವರಾತ್ರಿಗೆ ಕೂಡಲಸಂಗಮಕ್ಕೆ ಹೋಗುವಾಗ ಮಗ ಬಹಳವಾಗಿ ಬೇಡಿಕೊಂಡರು. ಆ ಗುಂಡಿಯನ್ನು ಒತ್ತಬಾರದೆಂಬ ಕರಾರಿನ ಮೇಲೆ ಕಾರು ಹತ್ತಿದರು. ಹೋಗಿ ಬರುವವರೆಗೂ ಗುಂಡಿಯ ಕಡೆಗೇ ನೋಡುತ್ತಿದ್ದರೆಂದು ಸೊಸೆ ನಗುತ್ತ ಹೇಳಿದರು. ಅದರ ಮುಂದಿನ ವಾರ ಮಗ ಒಬ್ಬರೇ ಹುಬ್ಬಳ್ಳಿಗೆ ಹೋಗಿದ್ದಾಗ ನೋಟುಬುಕ್ಕಿನಲ್ಲಿ ಹನ್ನೆರಡನೆಯ ಸಾಲು ಸೇರಿತು : ಸಂಜೆ ಐದೂಕಾಲು, ಮೇಲ್ಸೇತುವೆಯ ನೆರಳು, ವೇಗ 80, ಮುಂದೆ ಹಿಂದೆ ಯಾರೂ ಇಲ್ಲ. ಅದನ್ನು ಅವರು ಈ ಬಾರಿ ಸರ್ವೀಸಿನವರಿಗೂ ಕಳಿಸಿ, ಸರ್ಕಾರದ ಜಾಲದಲ್ಲಿಯೂ ದಾಖಲಿಸಿದ್ದಾರೆ. ಉತ್ತರ ಇನ್ನೂ ಬಂದಿಲ್ಲ.